ಮರೆವಿನ ಮೂಲ ಹುಡುಕಿದ ಡಾಕ್ಟರ್ ಆಲ್ಝೈಮರ್

ವಯಸ್ಸಾದವರು ಮನೆಯವರ ಹೆಸರೇ ಮರೆತರೆ ಅರಳು ಮರಳು ಅಂತ ಸುಮ್ಮನಾಗುವುದುಂಟು. ಅದು ಮಿದುಳಿನ ಕಾಯಿಲೆಯೂ ಆಗಿರಬಹುದು ಅಂತ ತೋರಿಸಿಕೊಟ್ಟವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್.

1864ರ ಜೂನ್ 14ರಂದು ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಊರಲ್ಲಿ ಹುಟ್ಟಿದ ಇವರು, 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆ ಸೇರಿದರು. 1901ರಲ್ಲಿ ಅಲ್ಲಿಗೆ ಆಗಸ್ಟೆ ಎಂಬ ಮಹಿಳೆ ದಾಖಲಾದರು. ವಯಸ್ಸು ಬರೀ 51. ತನ್ನ ಹೆಸರು ಬರೆಯಲು ಹೊರಟರೆ ಅರ್ಧಕ್ಕೇ ಮರೆತು ಹೋಗುತ್ತಿತ್ತು. ಆಲ್ಝೈಮರ್ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ, ಆಕೆ ಹೇಳಿದ್ದನ್ನೆಲ್ಲ ಬರೆದಿಟ್ಟರು.

ಮುಂದೆ ಮ್ಯೂನಿಕ್‌ಗೆ ಹೋದರೂ ಆಕೆಯನ್ನು ಮರೆಯಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮಿದುಳು ಸೊರಗಿತ್ತು. ಜೀವಕೋಶಗಳಲ್ಲಿ ಸಿಕ್ಕುಗಟ್ಟಿದ ಎಳೆಗಳಿದ್ದವು, ಹೊರಗೆ ಅಲ್ಲಲ್ಲಿ ಗಟ್ಟಿ ಕಲೆಗಳಿದ್ದವು.

ಅದೇ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆದರೆ 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೇಪೆಲಿನ್ ತಮ್ಮ ಪುಸ್ತಕದಲ್ಲಿ ಕಾಯಿಲೆಗೆ ಆಲ್ಝೈಮರ್ ಹೆಸರನ್ನೇ ಇಟ್ಟರು.

1915ರ ಡಿಸೆಂಬರ್ 19ರಂದು ಬ್ರೆಸ್ಲೌ ನಗರದಲ್ಲಿ ಅವರು ತೀರಿಕೊಂಡಾಗ ಅವರಿಗೂ ವಯಸ್ಸು 51. ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಸಿಕ್ಕಿಲ್ಲ. ಆದರೆ ಮನೆಯ ಹಿರಿಯರ ಮರೆವು ದಿನೇ ದಿನೇ ಹೆಚ್ಚುತ್ತಿದ್ದರೆ ಗದರುವುದಲ್ಲ, ಡಾಕ್ಟರಿಗೆ ತೋರಿಸುವುದು ಎಂಬ ದಾರಿಯನ್ನು ಅವರ ಕೆಲಸ ತೆರೆದಿಟ್ಟಿತು.