ಅಂಚೆಯಲ್ಲಿ ಹೋದ ಗಾಜಿನ ಜಾಡಿ

2021ರ ಮೇ ತಿಂಗಳು. ಕೊರೊನಾದಿಂದ ಚೇತರಿಸಿಕೊಳ್ಳುತ್ತಿದ್ದ ನಮ್ಮ ಸೋದರಮಾವನಿಗೆ ಕಪ್ಪು ಶಿಲೀಂಧ್ರ ತಗುಲಿತು. ಮೊದಲೇ ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟೀರಾಯ್ಡ್. ಗಟ್ಟಿಮುಟ್ಟಾದವರಿಗೆ ಏನೂ ಮಾಡದ ಬೂಷ್ಟು ಮಾವನ ಮೂಗಿನಿಂದ ಕಣ್ಣಿನತ್ತ ಹಬ್ಬುತ್ತಿತ್ತು. ಆಂಫೊಟೆರಿಸಿನ್-ಬಿ ಚುಚ್ಚುಮದ್ದಿಗಾಗಿ ನಾನೂ ಅಣ್ಣನೂ ಮೂರು ದಿನ ಅಲೆದೆವು. ಆಮೇಲೊಮ್ಮೆ ಈ ಔಷಧದ ಮೂಲ ಹುಡುಕುತ್ತಾ ಹೋದಾಗ ಪರಿಚಯವಾದವರು ಎಲಿಜಬೆತ್ ಹೇಜನ್.

ಹುಟ್ಟಿದ್ದು 1885ರಲ್ಲಿ, ಅಮೆರಿಕದ ಮಿಸಿಸಿಪಿಯಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು, ಬಂಧುಗಳು ಸಾಕಿದರು. ಪದವಿ ಮುಗಿಸಿ ಶಾಲೆಯಲ್ಲಿ ಪಾಠ ಹೇಳಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪಿಎಚ್.ಡಿ. ದಕ್ಕಿದ್ದು 1927ರಲ್ಲಿ, ನಲವತ್ತು ದಾಟಿದ ಮೇಲೆ. ನೇಮಕಾತಿ ಅಧಿಸೂಚನೆಯಲ್ಲಿ ವಯೋಮಿತಿಯನ್ನೇ ಮೊದಲು ನೋಡುವ ನನಗೆ ಇದನ್ನು ಓದಿ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ!

ಪೆನಿಸಿಲಿನ್ ಬಂದ ಕಾಲವದು. ಬ್ಯಾಕ್ಟೀರಿಯಾ ಸಾಯುತ್ತಿದ್ದವು, ಶಿಲೀಂಧ್ರ ಮಾತ್ರ ಜಗ್ಗುತ್ತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿದ್ದ ಹೇಜನ್, ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ಎರಡು ಶಿಲೀಂಧ್ರಗಳ ಮೇಲೆ ಪರೀಕ್ಷಿಸತೊಡಗಿದರು. ಒಂದು ಕ್ಯಾಂಡಿಡಾ, ಇನ್ನೊಂದು ಮಿದುಳಿಗೇ ಇಳಿಯುವ ಕ್ರಿಪ್ಟೊಕಾಕಸ್. ಭರವಸೆ ಮೂಡಿಸಿದ್ದನ್ನು ಗಾಜಿನ ಜಾಡಿಗೆ ತುಂಬಿ ಆಲ್ಬನಿಗೆ ಅಂಚೆಯಲ್ಲಿ ಕಳಿಸುವರು. ಅಲ್ಲಿ ರಸಾಯನವಿಜ್ಞಾನಿ ರೇಚಲ್ ಬ್ರೌನ್ ಔಷಧದ ಅಂಶ ಬೇರ್ಪಡಿಸಿ ಅಂಚೆಯಲ್ಲೇ ಹಿಂದಿರುಗಿಸುವರು. ಶಿಲೀಂಧ್ರ ಕೊಂದದ್ದು ಬಹುಪಾಲು ಇಲಿಯನ್ನೂ ಕೊಲ್ಲುತ್ತಿತ್ತು. ಮತ್ತೆ ಬೇರೆ ಮಣ್ಣು, ಮತ್ತೆ ಜಾಡಿ.

ಕೊನೆಗೆ ಕೈಹಿಡಿದದ್ದು ವರ್ಜೀನಿಯಾದಲ್ಲಿದ್ದ ಸ್ನೇಹಿತರ ಜಮೀನಿನ ಮಣ್ಣು. 1950ರಲ್ಲಿ ಪ್ರಕಟವಾದ ಆ ಔಷಧಕ್ಕೆ ನ್ಯೂಯಾರ್ಕ್ ರಾಜ್ಯದ ಹೆಸರಿನಿಂದಲೇ ನಿಸ್ಟಾಟಿನ್ ಎಂದು ಹೆಸರಾಯಿತು. ರಾಯಧನವಾಗಿ ಬಂದ 1.3 ಕೋಟಿ ಡಾಲರ್‌ಗೂ ಹೆಚ್ಚಿನ ಹಣವನ್ನು ಇಬ್ಬರೂ ತಮಗೆಂದು ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ಹೇಜನ್ 1975ರಲ್ಲಿ ತೀರಿಕೊಂಡರು.

ನಿಸ್ಟಾಟಿನ್ ಮಾವನಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದು ಬಾಯಿ, ಕರುಳು, ಚರ್ಮದ ಸೋಂಕಿಗೆ ಸರಿ. ರಕ್ತಕ್ಕೆ ಸೇರಿದರೆ ವಿಷ. ಆದರೆ ಕೆಲವೇ ವರ್ಷಗಳಲ್ಲಿ ವೆನೆಜುವೆಲಾದ ಮಣ್ಣಿನಿಂದ ಅದೇ ಜಾತಿಯ ಇನ್ನೊಂದು ಔಷಧ ಸಿಕ್ಕಿತು. ಅದೂ ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ತೂತು ಮಾಡುತ್ತದೆ. ಅದೇ ಆಂಫೊಟೆರಿಸಿನ್-ಬಿ.

ಮಾವನ ಎಡಗಣ್ಣು ಉಳಿಯಲಿಲ್ಲ, ಜೀವ ಉಳಿಯಿತು. ಈಗ ಮತ್ತೆ ಹೊಲಕ್ಕೆ ಹೋಗುತ್ತಾರೆ. ಗೊಬ್ಬರದ ಗುಂಡಿ ಕೆದಕುವಾಗ ಮಾತ್ರ ಮರೆಯದೆ ಮಾಸ್ಕ್ ಹಾಕಿಕೊಳ್ಳುತ್ತಾರೆ.