ಅರಮನೆ ಕಟ್ಟಿದ ಸದ್ದಾಂ, ರೇಷನ್ ಸಾಲಿನಲ್ಲಿ ಇರಾಕ್: 13 ವರ್ಷಗಳ ನಿರ್ಬಂಧದ ಕಥೆ

ಠಾಣೆ, ಡಿಸೆಂಬರ್ 30: ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬೈಯ ಕನ್ನಡಿಗರಲ್ಲಿ ಗಲ್ಫ್ ನಂಟಿದ್ದ ಮನೆಗಳಿಗೆ ಸದ್ದಾಂ ಹುಸೇನ್ ಎಂದರೆ ಮೊದಲು ನೆನಪಾಗುವುದು 1990ರ ಕುವೈತ್. ಆ ವರ್ಷ ಜೋರ್ಡಾನ್‌ನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಒಂದರ ಹಿಂದೆ ಒಂದರಂತೆ ಮುಂಬೈಗೆ ಬಂದಿಳಿದವು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು. ಕುವೈತ್ ದಿನಾರ್ ಇರಾಕಿ ದಿನಾರಿಗೆ ಸಮ ಎಂದು ಸದ್ದಾಂ ಸರ್ಕಾರ ಸಾರಿದ್ದರಿಂದ ಅಲ್ಲಿ ಕೂಡಿಟ್ಟ ದುಡ್ಡಿನ ಬೆಲೆ ಪಾತಾಳಕ್ಕೆ ಇಳಿದಿತ್ತು.

ಅದೇ ಸದ್ದಾಂ ಗಲ್ಲಿಗೇರಿದ್ದು 2006ರ ಇದೇ ದಿನ.

ಹುಟ್ಟಿದ್ದು 1937ರಲ್ಲಿ, ಟಿಕ್ರಿತ್ ಬಳಿಯ ಅಲ್ ಔಜಾ ಎಂಬ ಬಡ ಹಳ್ಳಿಯಲ್ಲಿ. ತಂದೆಯನ್ನು ಕಾಣದ ಹುಡುಗನಿಗೆ ಆಸರೆಯಾದದ್ದು ಸೋದರಮಾವ. 1959ರಲ್ಲಿ ಪ್ರಧಾನಿ ಅಬ್ದುಲ್ ಕರೀಂ ಖಾಸಿಂ ಹತ್ಯೆಗೆ ಯತ್ನಿಸಿದ ಗುಂಪಿನಲ್ಲಿದ್ದು, ಸಿರಿಯಾ ಮೂಲಕ ಕೈರೋಗೆ ಪರಾರಿ. 1968ರ ಕ್ಷಿಪ್ರಕ್ರಾಂತಿಯಲ್ಲಿ ಬಾತ್ ಪಕ್ಷ ಗದ್ದುಗೆ ಹಿಡಿಯಿತು. 1972ರಲ್ಲಿ ತೈಲ ಕಂಪನಿಯ ರಾಷ್ಟ್ರೀಕರಣವಾಯಿತು. 1979ರಲ್ಲಿ ಅಧ್ಯಕ್ಷ ಪಟ್ಟ ಸಿಕ್ಕಿತು, ಬೆನ್ನಲ್ಲೇ ಸ್ವಂತ ಪಕ್ಷದವರ ಮೇಲೆಯೇ ಕತ್ತಿ ಬಿತ್ತು.

1980ರಿಂದ ಎಂಟು ವರ್ಷ ಇರಾನ್ ಜತೆ ಯುದ್ಧ. ಅದರ ಕೊನೆಗಾಲದಲ್ಲಿ ಹಲಬ್ಜಾದ ಕುರ್ದ್ ಜನರ ಮೇಲೆ ವಿಷಾನಿಲ ಪ್ರಯೋಗ. ಅರಬ್ಬರ ಪರವಾಗಿ ಕಾದಿದ್ದೇನೆ ಎಂಬುದು ಸದ್ದಾಂ ಲೆಕ್ಕ. ಸಾಲ ಕೊಟ್ಟಿದ್ದೇವೆ ಎಂಬುದು ಕುವೈತ್, ಸೌದಿ ಲೆಕ್ಕ. ಅರಬ್ ಒಗ್ಗಟ್ಟು ಅನ್ನುವುದು ಆಗಲೂ ಭಾಷಣಕ್ಕಷ್ಟೇ ಇತ್ತು. ಅದೇ ಬಾತ್ ಹೆಸರಿನ ಪಕ್ಷ ಆಳುತ್ತಿದ್ದ ಸಿರಿಯಾ 1982ರಲ್ಲೇ ಇರಾನ್ ಪರ ನಿಂತು ಇರಾಕ್‌ನ ತೈಲ ಪೈಪ್‌ಲೈನ್ ಮುಚ್ಚಿತ್ತು.

1990ರ ಆಗಸ್ಟ್ 2ರಂದು ಸದ್ದಾಂ ಸೇನೆ ಕುವೈತ್‌ಗೆ ನುಗ್ಗಿತು. ನಾಲ್ಕೇ ದಿನದಲ್ಲಿ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 661ನೇ ನಿರ್ಣಯ ಬಂತು: ಇರಾಕ್ ಜತೆ ವ್ಯಾಪಾರ ಬಂದ್. ಕುವೈತ್‌ನಲ್ಲಿ ಸಿಲುಕಿದ್ದ ತನ್ನದೇ ಜನರಿಗೆ ಹಡಗಿನಲ್ಲಿ ಆಹಾರ ಕಳಿಸಲು ಭಾರತವೂ ನಿರ್ಬಂಧ ಸಮಿತಿಯ ಅನುಮತಿ ಕೇಳಬೇಕಾಯಿತು. ಈಜಿಪ್ಟ್, ಸಿರಿಯಾ ಅಮೆರಿಕದ ಪಾಳಯ ಸೇರಿದವು. ಇರಾಕ್ ನಂಟು ಕಡಿದುಕೊಳ್ಳಲಾಗದ ಜೋರ್ಡಾನ್ ಅಡಕತ್ತರಿಯಲ್ಲಿ ಸಿಕ್ಕಿತು.

ಯುದ್ಧದಲ್ಲಿ ಸೋತ ಮೇಲೂ ನಿರ್ಬಂಧ ತೆರವಾಗಲಿಲ್ಲ. 1991ರ 687ನೇ ನಿರ್ಣಯ ಅದನ್ನು ಸಾಮೂಹಿಕ ವಿನಾಶಕ ಅಸ್ತ್ರಗಳ ನಾಶಕ್ಕೆ ತಳಕು ಹಾಕಿತು. ಆಹಾರ, ಔಷಧಕ್ಕಾಗಿ ಒಂದಿಷ್ಟು ತೈಲ ಮಾರಬಹುದು ಎಂದು ಮಂಡಳಿ ಅದೇ ವರ್ಷ ಹೇಳಿದರೂ ಸದ್ದಾಂ ಒಪ್ಪಲಿಲ್ಲ. ದೇಶದ ಸ್ವಾಭಿಮಾನದ ಪ್ರಶ್ನೆ ಎಂದರು. ದಿನಾರ್ ಕುಸಿಯಿತು, ಜನ ರೇಷನ್ ಕಾರ್ಡ್ ನಂಬಿ ಬದುಕಿದರು, ಆಸ್ಪತ್ರೆಗಳಲ್ಲಿ ಔಷಧವಿರಲಿಲ್ಲ. ಅರಮನೆಗಳು ಮಾತ್ರ ಏಳುತ್ತಲೇ ಇದ್ದವು. ಈ ಹಠಕ್ಕೆ ಬಲಿಯಾದವರ ಲೆಕ್ಕ ಸದ್ದಾಂ ಖಾತೆಗೂ ಸೇರಬೇಕು, ಬರೀ ವಿಶ್ವಸಂಸ್ಥೆ ಖಾತೆಗಲ್ಲ.

1996ರ ಡಿಸೆಂಬರ್‌ನಲ್ಲಿ ಕೊನೆಗೂ ಆಹಾರಕ್ಕಾಗಿ ತೈಲ ಯೋಜನೆ ಶುರು. ಅದರ ಉಸ್ತುವಾರಿ ನೋಡಿದ ವಿಶ್ವಸಂಸ್ಥೆ ಅಧಿಕಾರಿ ಡೆನಿಸ್ ಹ್ಯಾಲಿಡೇ ನಿರ್ಬಂಧವನ್ನು ವಿರೋಧಿಸಿ 1998ರಲ್ಲಿ ಹುದ್ದೆ ಬಿಟ್ಟರು. ನಂತರ ಬಂದ ಹಾನ್ಸ್ ವಾನ್ ಸ್ಪೋನೆಕ್ ಕೂಡ 2000ದಲ್ಲಿ ಅದೇ ದಾರಿ ಹಿಡಿದರು. ಬಾಗ್ದಾದ್ ಈ ಯೋಜನೆಯಲ್ಲೂ ಕಮಿಷನ್ ಹೊಡೆದದ್ದನ್ನು 2005ರ ವೋಲ್ಕರ್ ವರದಿ ಬಯಲು ಮಾಡಿತು. ವರದಿಯಲ್ಲಿ ಹೆಸರು ಬಂದ ನಟವರ್ ಸಿಂಗ್, ಆರೋಪ ನಿರಾಕರಿಸಿದರೂ, ವಿದೇಶಾಂಗ ಖಾತೆ ಕಳೆದುಕೊಂಡರು.

ಕುವೈತ್‌ನಿಂದ ಮರಳಿದವರಿಗೆ ಗೊತ್ತಿರಬೇಕಾದ ಸಂಗತಿ ಇನ್ನೊಂದಿದೆ. ಯೋಜನೆಯಡಿ ಮಾರಿದ ತೈಲದ ಹಣದಲ್ಲಿ ಮೊದಲಿಗೆ ಶೇ 30ರಷ್ಟು ವಿಶ್ವಸಂಸ್ಥೆಯ ಪರಿಹಾರ ಆಯೋಗಕ್ಕೆ ಹೋಗುತ್ತಿತ್ತು. ಕೆಲಸ ಬಿಟ್ಟು ಓಡಿ ಬಂದ ಒಬ್ಬರಿಗೆ 2,500 ಅಥವಾ 4,000 ಡಾಲರ್, ಕುಟುಂಬಕ್ಕೆ 5,000 ಅಥವಾ 8,000 ಡಾಲರ್ ನಿಗದಿಯಾಗಿತ್ತು. ಭಾರತೀಯರಿಗೂ ಆ ದುಡ್ಡು ಬಂತು. ಎಲ್ಲ ಕಳೆದುಕೊಂಡು ಬಂದವರಿಗೆ ಅದು ನ್ಯಾಯವಾಗಿ ಸಲ್ಲಬೇಕಾದ ಹಣವೇ. ಆದರೆ ಅದು ಕಡಿತವಾದದ್ದು ಸದ್ದಾಂ ಜೇಬಿನಿಂದಲ್ಲ, ಇರಾಕಿಗರ ಊಟ, ಔಷಧಕ್ಕೆ ಹೋಗಬಹುದಾಗಿದ್ದ ತೈಲದ ಹಣದಿಂದ.

2003ರ ಮಾರ್ಚ್‌ನಲ್ಲಿ ಅಮೆರಿಕ ದಾಳಿ ಮಾಡಿತು, ಮೇ ತಿಂಗಳಲ್ಲಿ ವ್ಯಾಪಾರ ನಿರ್ಬಂಧ ರದ್ದಾಯಿತು. ಹುಡುಕಿದ ಅಸ್ತ್ರಗಳು ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಟಿಕ್ರಿತ್ ಬಳಿಯ ನೆಲಗುಂಡಿಯಲ್ಲಿ ಸದ್ದಾಂ ಸಿಕ್ಕಿಬಿದ್ದರು. ದುಜೈಲ್‌ನ 148 ಜನರ ಹತ್ಯೆ ಪ್ರಕರಣದಲ್ಲಿ ಮರಣದಂಡನೆಯಾಯಿತು.

ಕುವೈತ್ ಯುದ್ಧದ ಪರಿಹಾರ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಒಟ್ಟು 52.4 ಶತಕೋಟಿ ಡಾಲರ್‌ನ ಕೊನೆಯ ಕಂತನ್ನು ಇರಾಕ್ ಕಟ್ಟಿ ಮುಗಿಸಿದ್ದು 2022ರಲ್ಲಿ.