ಒಡೆದ ಮಂದೆಯ ನಡುವೆ ಸಂತ ಜೋಸೆಫ್ ವಾಜ್

1651ರ ಏಪ್ರಿಲ್ 21ರಂದು ಗೋವೆಯ ಬೆಣಾವಲಿಯಲ್ಲಿ ಜನಿಸಿದ ಸಂತ ಜೋಸೆಫ್ ವಾಜರನ್ನು ಲೋಕವು ಶ್ರೀಲಂಕೆಯ ಪ್ರೇಷಿತರೆಂದು ಬಲ್ಲದು. ಆ ಪುಣ್ಯಪುರುಷರು ನಮ್ಮ ಬೀದರಿಗೆ ಬಂದವರಲ್ಲ. ಆದರೂ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ಸ್ಮರಿಸಲು ಕಾರಣವಿದೆ. ಬೀದರ್, ಭಾಲ್ಕಿ, ಔರಾದಗಳಲ್ಲಿ ಕನ್ನಡ, ಮರಾಠಿ, ತೆಲುಗು ಮನೆಮಾತಿನವರು ಒಂದೇ ಬಲಿಪೀಠದ ಮುಂದೆ ಮೊಣಕಾಲೂರುತ್ತಾರೆ. ಮೆಥೊಡಿಸ್ಟ್ ಸಭೆಯ ಬಂಧುಗಳು ಪಕ್ಕದ ಓಣಿಯಲ್ಲೇ ಇದ್ದಾರೆ. ಹಾಡು ಯಾವ ಭಾಷೆಯಲ್ಲಿರಬೇಕು, ಹಬ್ಬಕ್ಕೆ ಮುಂದಾಳು ಯಾರಾಗಬೇಕು ಎಂಬ ಮಾತು ಕೆಲವೊಮ್ಮೆ ಬಲಿಪೂಜೆಗಿಂತಲೂ ದೊಡ್ಡದಾಗುವುದನ್ನು ನಾವು ಬಲ್ಲೆವು.

ವಾಜರು ಕಂಡ ಒಡಕು ಇದಕ್ಕಿಂತ ಆಳವಾದುದು. 1676ರಲ್ಲಿ ಗುರುದೀಕ್ಷೆ ಪಡೆದ ಅವರನ್ನು 1681ರಲ್ಲಿ ಗೋವೆಯಿಂದ ಕೆನರಾ ಪ್ರಾಂತದ ಮಿಷನ್ನಿಗೆ ಮುಖ್ಯಸ್ಥರನ್ನಾಗಿ ಕಳುಹಿಸಲಾಯಿತು. ಕರಾವಳಿ ಆಗ ಕೆಳದಿಯ ಆಳ್ವಿಕೆಯಲ್ಲಿತ್ತು. ಅಲ್ಲಿಯ ಕಥೋಲಿಕರಲ್ಲಿ ಎರಡು ಪಂಗಡಗಳು. ಪೋರ್ಚುಗಲ್ಲಿನ ಅರಸನಿಗೆ ಪೋಪರು ಹಿಂದೆ ನೀಡಿದ್ದ ಪದ್ರೊವಾದೊ ಹಕ್ಕಿನಂತೆ ಗೋವೆಯ ಅಧಿಕಾರವೇ ಸಲ್ಲುವುದೆಂದು ಒಂದು ಪಕ್ಷ; ರೋಮಿನ ಪ್ರೊಪಗಾಂಡ ಮಂಡಳಿ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರದೇ ಅಧಿಕಾರವೆಂದು ಇನ್ನೊಂದು. ಕಾಸ್ತ್ರೊ ಅವರೂ ಗೋವೆಯವರೇ! ಜ್ಞಾನಸ್ನಾನದ ಮಾತು ಬೇರೆ. ಆದರೆ ತನ್ನ ಮದುವೆ ಸಿಂಧುವೋ ಅಲ್ಲವೋ, ಪಾಪನಿವೇದನೆಯಲ್ಲಿ ಕ್ಷಮೆ ದೊರೆಯಿತೋ ಇಲ್ಲವೋ ಎಂಬ ಭಯ ಬಡ ಒಕ್ಕಲಿಗನ ಎದೆಯಲ್ಲಿ ಹೊಕ್ಕಿತ್ತು.

ಗೋವೆಯ ಕಡೆಯಿಂದ ಬಂದ ವಾಜರು ಹಟ ಹಿಡಿಯಬಹುದಿತ್ತು. ಹಾಗೆ ಮಾಡದೆ ಅವರು ಧರ್ಮಾಧ್ಯಕ್ಷರನ್ನು ತಾವೇ ಹೋಗಿ ಕಂಡರು, ಗೌರವದಿಂದ ಮಾತನಾಡಿದರು, ವಿಶ್ವಾಸಿಗಳ ಮನಸ್ಸಾಕ್ಷಿ ಕದಡದಂತೆ ಸಂಧಾನಕ್ಕೆ ಶ್ರಮಿಸಿದರು. ವ್ಯಾಜ್ಯವು ಅವರ ಕಾಲಕ್ಕೆ ತೀರಲಿಲ್ಲ, ಭಾರತದಲ್ಲಿ ಅದು ಮುಂದೆ ಎರಡು ಶತಮಾನ ಉಳಿಯಿತು. ಆದರೆ ಅದು ತೀರಲೆಂದು ಅವರು ಕಾದು ಕೂರಲಿಲ್ಲ. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳ ಕಡೆ ಬರಿಗಾಲಿನಲ್ಲಿ ನಡೆದು, ಚದುರಿದ್ದವರನ್ನು ಕೂಡಿಸಿ, ಸಂಸ್ಕಾರಗಳನ್ನು ನೀಡಿದರು. 1684ರಲ್ಲಿ ಗೋವೆಗೆ ಮರಳಿದರು.

1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಶ್ರೀಲಂಕೆಯನ್ನು ಸೇರಿದರು. ಡಚ್ಚರ ಆಳ್ವಿಕೆಯ ಕರಾವಳಿಯಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ತಮಿಳನ್ನೂ ಸಿಂಹಳವನ್ನೂ ಕಲಿತು ಇಬ್ಬರಿಗೂ ಗುರುಗಳಾದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ಮತಭೇದವೆಣಿಸದೆ ರೋಗಿಗಳ ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಅಲ್ಲಿಯೇ ದೈವಾಧೀನರಾದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರಿಗೆ ಸಂತಪದವಿ ನೀಡಿದರು.

ಮಂಗಳೂರಿನ ಬಳಿ ಮುಡಿಪಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. ದೂರವೆಂದು ಹಿಂಜರಿಯದೆ ಮೂರೂ ಊರಿನ ಕುಟುಂಬಗಳು ಒಟ್ಟಾಗಿ ಒಮ್ಮೆ ಹೋಗಿಬರಲೆಂಬುದು ನಮ್ಮ ಅಪೇಕ್ಷೆ.